ಸಿದ್ದರಾಮ ಮಾಸ್ತರನ ಸಕ್ಕರೆ ಹರಳು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಟ್ಯೂಶನ್ ನಡೆಸುವ ಸಿದ್ದರಾಮನಿಗೆ ಎರಡು ಡಿಗ್ರಿ ಇವೆ. ತಾಳ್ಮೆ ಎಳ್ಳುಕಾಳಿನಷ್ಟೂ ಇಲ್ಲ. ತನ್ನ ಹಳ್ಳಿ ಚಚಡಿಯಲ್ಲಿ ಹುಡುಗನಾಗಿದ್ದಾಗ, ಬಿತ್ತಿದ ಶೇಂಗಾ ಮೊಳೆಯಿತೋ ಇಲ್ಲವೋ ಎಂದು ದಿನಾ ಕೆದರಿ ನೋಡಿ ಅಪ್ಪನಿಂದ ಬಾರುಕೋಲಿನ ಏಟು ತಿಂದವನು. ಏಟು ಬೆನ್ನಿಗೆ ಬಿತ್ತು, ಬುದ್ಧಿಗೆ ತಾಗಲಿಲ್ಲ. ಆಮೇಲೆ ಮಾವಿನಕಾಯಿ ಹಣ್ಣಾಗಲೆಂದು ಹುಲ್ಲಿನಲ್ಲಿ ಅಡಿ ಹಾಕಿ ವ್ಯಾಪಾರಕ್ಕಿಳಿದ. ದಿನಕ್ಕೆ ಮೂರು ಸಲ ಹುಲ್ಲು ಸರಿಸಿ ಹಿಚುಕಿ ನೋಡಿ ಅಷ್ಟನ್ನೂ ಕೊಳೆಸಿದ. ಉಳಿದದ್ದು ಮಾಸ್ತರಿಕೆ.

ಈ ಬೇಸಿಗೆಯಲ್ಲಿ ಓಣಿಗೆಲ್ಲ ಸಾರಿದ: "ಭಾನುವಾರ ತಾಯಿ ತಂದಿ ಎಲ್ಲಾರೂ ಬರ್ರಿ. ಸಕ್ಕರಿ ಹರಳ ಬೆಳಸಿ ತೋರಸ್ತೇನಿ. ನೋಡಿ ಆಮ್ಯಾಲ ಮಕ್ಕಳ ಹೆಸರ ಹಚ್ಚರಿ." ಅವನ ಮುಂದಿನ ವರ್ಷದ ತರಗತಿ ಪೂರಾ ಆ ಭಾನುವಾರದ ಮೇಲೆ ನಿಂತಿತ್ತು.

ವಿದ್ಯೆ ದೊಡ್ಡದೇನಲ್ಲ. ಒಂದು ಲೋಟ ನೀರಿಗೆ ಮೂರು ಲೋಟ ಸಕ್ಕರೆ ಹಾಕಿ ಕುದಿಸಿ ಆರಿಸಬೇಕು. ಸಕ್ಕರೆ ಹತ್ತಿಸಿ ಒಣಗಿಸಿದ ದಾರವನ್ನು ಅದರಲ್ಲಿ ಇಳಿಬಿಟ್ಟು, ಅರಿವೆ ಮುಚ್ಚಿ, ಎಂಟು ದಿನ ಸುಮ್ಮನಿರಬೇಕು. ಸುಮ್ಮನಿರುವುದನ್ನು ಯಾವ ಡಿಗ್ರಿಯಲ್ಲೂ ಕಲಿಸುವುದಿಲ್ಲ. ಬಂದವರಿಗೆಲ್ಲ ಅವನು ದಾರ ಎತ್ತಿ ಎತ್ತಿ ತೋರಿಸಿದ. ಪಾಕ ತಗ್ಗಿತೆಂದು ನೀರು ಸುರಿದು ಲೋಟ ತುಂಬಿಸಿದ.

ಅವನ ಶಿಷ್ಯೆ ಶಿವಾನಿ ಮನೆಯಲ್ಲೂ ಒಂದು ಲೋಟ ಇಟ್ಟಿದ್ದಳು. ಅವಳ ಅಜ್ಜಿ ರಾಚವ್ವ ಸಂಕ್ರಮಣಕ್ಕೆ ಕುಸುರೆಳ್ಳು ಮಾಡುವವಳು. ಎಳ್ಳಿನ ಮೇಲೆ ಹನಿ ಹನಿ ಪಾಕ ಬಿಟ್ಟು ಸಕ್ಕರೆಗೆ ಮುಳ್ಳು ಬರಿಸುವ ಕೈ ಅದು. ಸಿದ್ದರಾಮ ನೀರು ಸುರಿಯುವುದನ್ನು ಕಂಡು ಅಂದಳು: "ನೀರ ಹಾಕಬ್ಯಾಡೋ ತಮ್ಮಾ, ಪಾನಕ ಆಗತೈತಿ."

"ಅಜ್ಜೀ, ಇದು ಸೈನ್ಸ್ ಐತಿ. ನಿಮ್ಮ ಒಲಿ ಮುಂದಿನ ಕೆಲಸ ಅಲ್ಲ."

ಶನಿವಾರ ಸಂಜೆಯಾದರೂ ದಾರ ಬೋಳು. ಅಂಗಡಿಯಿಂದ ಕಲ್ಲುಸಕ್ಕರೆ ತಂದು, ದಾರಕ್ಕೆ ಕಟ್ಟಿ, ಅದೇ ಲೋಟದಲ್ಲಿ ಇಳಿಬಿಟ್ಟ. ನೀರುನೀರಾದ ಪಾಕ ಕಲ್ಲುಸಕ್ಕರೆಯನ್ನು ಉಳಿಸುವುದುಂಟೇ? ಬೆಳಿಗ್ಗೆ ಮಂದಿಯ ಮುಂದೆ ಎತ್ತಿದರೆ ತೊಟ್ಟಿಕ್ಕುವ ದಾರ, ತುದಿಗೊಂದು ಗಂಟು.

"ಇರವಿ ತಿಂದಾವ್ರಿ," ಎಂದ.

"ಇರವಿಗೂ ಈಜ ಕಲಿಸೀರೇನ್ರಿ ಮಾಸ್ತರ?" ಎಂದು ಮಡಿವಾಳೆಪ್ಪ ಮಗನ ಕೈ ಹಿಡಿದು ಎದ್ದ.

ಒಬ್ಬರೂ ಹೆಸರು ಹಚ್ಚಲಿಲ್ಲ. ಶಿವಾನಿಯ ಲೋಟದಲ್ಲಿ ಹರಳು ಬಂದಿದೆಯೆಂದು ಕೇಳಿ ಎಲ್ಲರೂ ರಾಚವ್ವನ ಅಡುಗೆಮನೆಗೆ ನಡೆದರು. ಶಿವಾನಿಯ ದಾರದ ತುಂಬ ಗೋಧಿಕಾಳಿನಷ್ಟು ಹರಳು ಕೂತಿದ್ದವು. ಹಿಂದೆಯೇ ಸಿದ್ದರಾಮನೂ ಬಂದ. ಕಲಿಯಲು ಬಂದನೆಂದು ತಿಳಿಯಬೇಡಿ. ತನ್ನ ಕ್ಲಾಸಿನ ಹೆಸರಿನ ಚೀಟಿಯನ್ನು ಆ ಲೋಟಕ್ಕೆ ಅಂಟಿಸಲು ಬಂದಿದ್ದ.

ರಾಚವ್ವ ಚೀಟಿ ಕಿತ್ತು ಒಲೆಗೆ ಹಾಕಿದಳು.