ಬರಿಗಾಲಲ್ಲಿ ಟೈರ್ ಆರಿಸುವ ಭೀಮಬಾಯಿ

ವಾಡಿಯಿಂದ ರಾವೂರಿಗೆ ಹೋಗುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೈರ್ ಅಂಗಡಿಯ ಮುಂದೆ ಸುಣ್ಣದಕಲ್ಲು ಹೊರುವ ಟಿಪ್ಪರುಗಳು ಸಾಲಾಗಿ ನಿಂತಿವೆ. ಚಾಲಕರು ಕೈಕೈ ಉಜ್ಜಿಕೊಳ್ಳುತ್ತ ಚಹಾದ ದಾರಿ ಕಾಯುತ್ತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಭೀಮಬಾಯಿ ಮೊದಲ ಟಿಪ್ಪರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಜೋಡಿ ಟೈರುಗಳ ನಡುವೆ ಕಬ್ಬಿಣದ ಸಲಾಕೆ ತೂರಿಸಿ ಮೀಟುತ್ತಾರೆ. ಸಿಕ್ಕಿಕೊಂಡಿದ್ದ ಕಲ್ಲೊಂದು ಧಡ್ಡನೆ ನೆಲಕ್ಕೆ ಬೀಳುತ್ತದೆ. ಗಾಡಿ ಓಡುವಾಗ ಇದು ಸಿಡಿದಿದ್ದರೆ ಹಿಂದೆ ಬರುವ ಬೈಕಿನವನಿಗೆ ದೇವರೇ ಗತಿ. ಭೀಮಬಾಯಿ ಅದನ್ನೆತ್ತಿ ಚಾಲಕನ ಕೈಗಿಡುತ್ತಾರೆ.

"ತಗೋ ತಮ್ಮಾ, ಮನಿಗಿ ಒಯ್ಯಿ. ನಿನ್ನ ಹೆಂಡ್ತಿಗಿ ಖಾರ ಅರೀಲಿಕ್ಕಿ ಆಗ್ತದ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಕಲ್ಲು ಹಿಡಿದವನೂ ನಗುತ್ತಾನೆ, ಪಾಪ, ಬೇರೆ ದಾರಿಯಿಲ್ಲ.

ಕಲ್ಲು ಕೀಳುವುದು, ಹವಾ ತುಂಬುವುದು ಭೀಮಬಾಯಿಯ ಮೇಲುಕೆಲಸ ಮಾತ್ರ. ನಿಜವಾದ ಕೆಲಸ ಬೇರೆ. ಯಾವ ಗಾಡಿಗೆ, ಯಾವ ಹೊರೆಗೆ, ಯಾವ ಟೈರ್ ಹಾಕಬೇಕು ಎಂದು ಆರಿಸಿ ಹೇಳುವವರು ಅವರೇ. ಅವರು ಹೇಳಿದ್ದನ್ನು ಜೋಡಿಸುವವರು ಗಂಡ ರಾಮಲಿಂಗ. "ಕೈ ಕೆಲಸ ನಂದು, ತಲಿ ಕೆಲಸ ಆಕಿದು," ಎನ್ನುತ್ತಾರೆ ರಾಮಲಿಂಗ, ಜಾಕ್ ಎತ್ತುತ್ತ. "ಬೈಸಿಕೊಳ್ಳೋ ಕೆಲಸ ಮಾತ್ರ ನಂದೊಬ್ಬಂದೇ."

ಟೈರಿನಲ್ಲೇನು ಆರಿಸುವುದು, ಎಲ್ಲವೂ ಕರ್ರಗೆ, ಗುಂಡಗೆ ಇರುತ್ತವಲ್ಲ ಎಂದು ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಕೇಳಿಯೇಬಿಟ್ಟೆ. ಭೀಮಬಾಯಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಗೋಡೆಗೆ ಒರಗಿಸಿದ್ದ ಎರಡು ಟೈರುಗಳ ಬಳಿ ಕರೆದೊಯ್ಯುತ್ತಾರೆ. ಒಂದಕ್ಕೆ ಆಳವಾದ ದಪ್ಪ ಹಲ್ಲುಗಳಿವೆ. ಇನ್ನೊಂದರ ಮೈಮೇಲೆ ಸುತ್ತಲೂ ಉದ್ದುದ್ದ ಗೆರೆಗಳಷ್ಟೇ.

"ಈ ಹಲ್ಲಿನ ಟೈರ್ ಖಣಿಗಿ. ಕಲ್ಲು ಎಷ್ಟ ಚುಚ್ಚಿದ್ರೂ ತಡೀತದ. ಖರೆ, ಡಾಂಬರ್ ಮ್ಯಾಲ ದೂರ ಓಡಿದ್ರ ಭಾಳ ಬಿಸಿ ಆಗ್ತದ. ಈ ಗೆರಿ ಟೈರ್ ಡಾಂಬರ್ ಮ್ಯಾಲ ಆರಾಮ ಓಡ್ತದ, ಖಣಿಯೊಳಗ ಬಿಟ್ರ ಕಲ್ಲು ಕೊಯ್ದು ಹಾಕ್ತದ. ಫರಕ್ ತಿಳೀತಿಲ್ಲರಿ?"

ತಿಳಿಯಿತು. ಆದರೆ ಒಂದೇ ಪ್ರಯಾಣದಲ್ಲಿ ಎರಡೂ ಬಗೆಯ ರಸ್ತೆ ಬಂದರೆ? ಆಗಲೇ ಭೀಮಬಾಯಿಯ ಅಂಗಾಲಿಗೆ ಕೆಲಸ ಬರುವುದು. ಅವರು ಹುಟ್ಟಿದ್ದು ರಾವೂರಿನ ಖಣಿಗಳ, ಅಂದರೆ ಕಲ್ಲುಗಣಿಗಳ ಮಗ್ಗುಲಲ್ಲಿ. ಕುಪ್ಪಸ ತೊಡುವ ವಯಸ್ಸಿನಿಂದಲೇ ತಾಯಿಯ ಜೊತೆ ಬುಟ್ಟಿಯಲ್ಲಿ ಕಲ್ಲು ಹೊತ್ತವರು. ಕಾಲಿಗೆ ಚಪ್ಪಲಿ ಬಂದದ್ದು ಮದುವೆಯಲ್ಲಿ. ಯಾವ ಕಲ್ಲು ಬರೀ ಒತ್ತುತ್ತದೆ, ಯಾವುದು ಕೊಯ್ಯುತ್ತದೆ, ಯಾವುದು ಕಾಲಿಟ್ಟರೆ ಪುಡಿಯಾಗುತ್ತದೆ ಎಂಬುದು ಅವರ ಪಾದಕ್ಕೆ ಗೊತ್ತು. ಹೀಗಾಗಿ ಹೊಸ ದಾರಿಯ ಗಾಡಿ ಬಂದರೆ ಮೊದಲು ಆ ದಾರಿಗೇ ಹೋಗಿ, ಚಪ್ಪಲಿ ಬಿಟ್ಟು, ಕಲ್ಲಿನ ಭಾಗವನ್ನು ನಡೆದು ನೋಡುತ್ತಾರೆ. ಟೈರಿನ ಮಾತು ಆಮೇಲೆ.

ಇಷ್ಟಾಗಿಯೂ ಹೋದ ಬೇಸಿಗೆಯಲ್ಲಿ ಅವರು ಎಡವಿದರು. ಮೌಲಾಲಿ ಎಂಬ ಟ್ರೇಲರ್ ಚಾಲಕ ಕಾರ್ಖಾನೆಯ ಭಾರಿ ಯಂತ್ರವೊಂದನ್ನು ಸೇಡಂ ಕಡೆ ಒಯ್ಯಬೇಕಿತ್ತು. ಭೀಮಬಾಯಿ ದಾರಿಯ ಕೊನೆಯಲ್ಲಿದ್ದ ಕಲ್ಲನ್ನಷ್ಟೇ ತುಳಿದು ನೋಡಿ, ಹಲ್ಲಿನ ಟೈರ್ ಹಾಕಿಸಿದರು. ಚಿತ್ತಾಪುರ ದಾಟಿ ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದು, ಟೈರ್ ಕಾದು, ಒಂದು ಢಂ ಎಂದು ಹರಿಯಿತು. ಅದರ ಮಗ್ಗುಲಿನದೂ ಹರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಟ್ರೇಲರ್ ರಸ್ತೆಗೆ ಅಡ್ಡಲಾಗಿ ನಿಂತು, ಬಸ್ಸಿನವರೆಲ್ಲ ಮೌಲಾಲಿಯ ವಂಶವನ್ನೇ ಬೈದು ಹೋದರು.

"ಖಣಿಯೊಳಗ ಬೆಳೆದಾಕಿ ನಾ. ನನ್ನ ಕಣ್ಣಿಗಿ ಕಲ್ಲಷ್ಟೇ ಕಂಡ್ವು, ಡಾಂಬರ್ ಕಾಣ್ಲಿಲ್ಲ," ಎನ್ನುತ್ತಾರೆ ಭೀಮಬಾಯಿ. ಈ ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗುವಿಲ್ಲ. ಅಂದಿನಿಂದ ಅವರು ಖಣಿಯ ಟಿಪ್ಪರುಗಳಿಗಷ್ಟೇ ಟೈರ್ ಹೇಳುತ್ತಿದ್ದಾರೆ. ದೂರದ ಹೊರೆಯವರು ಬಂದರೆ "ಬ್ಯಾರೆ ಕಡಿ ಕೇಳ್ರಿ" ಎಂದು ಕಳಿಸಿಬಿಡುತ್ತಾರೆ.

ನಾನು ಅಂಗಡಿಗೆ ಹೋದ ವಾರವೇ ಅದೇ ಮೌಲಾಲಿ ಮತ್ತೆ ಬಂದು ನಿಂತಿದ್ದಾರೆ. ಚಿಂಚೋಳಿ ಕಡೆ ಹೊಸದಾಗಿ ಏಳುತ್ತಿರುವ ಕಾರ್ಖಾನೆಗೆ ಕಲ್ಲು ಅರೆಯುವ ಉಕ್ಕಿನ ದೊಡ್ಡ ಉರುಳೆ ಮುಟ್ಟಿಸಬೇಕು. ದಾರಿಯುದ್ದಕ್ಕೂ ಡಾಂಬರು, ಕೊನೆಗೆ ತುಸು ದೂರ ಕಾರ್ಖಾನೆಯ ಕಚ್ಚಾ ರಸ್ತೆ. ಭೀಮಬಾಯಿ ಎಂದಿನ ಮಾತನ್ನೇ ಹೇಳುತ್ತಾರೆ. ಮೌಲಾಲಿ ಅಲುಗುವುದಿಲ್ಲ.

"ಬ್ಯಾರೆಯವರಿಗಿ ಆ ಟೈರ್ ಯಾಕ ಹರೀತು ಅಂತ ಗೊತ್ತಿಲ್ಲ ಅಕ್ಕಾ. ನಿನಗ ಗೊತ್ತದ. ನೀನೇ ಹೇಳ್ಬೇಕು."

ಭೀಮಬಾಯಿ ಕೊನೆಗೆ ಒಪ್ಪುತ್ತಾರೆ. ನನ್ನ ಕಡೆ ತಿರುಗಿ ಹೇಳುತ್ತಾರೆ, "ಈ ಸಲ ಹರೀತಂದ್ರ ಮುಗೀತರಿ. ಖಣಿ ಟಿಪ್ಪರಿಗೂ ಹೇಳಂಗಿಲ್ಲ. ಬರೇ ಹವಾ ತುಂಬಕೋಂತ ಕುಂದರ್ತೀನಿ."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವರ ಜೊತೆ ನಾನೂ ಹೊರಡುತ್ತೇನೆ. ಈ ಸಲ ಅವರ ಕಣ್ಣು ಕಿಟಕಿಯಾಚೆ ಡಾಂಬರಿನ ಮೇಲೆಯೇ ಇದೆ. ಏರು ಬಂದರೆ ಏರು, ತಗ್ಗು ಬಂದರೆ ತಗ್ಗು, ನೆರಳೆಷ್ಟು, ಬಯಲೆಷ್ಟು ಎಂದು ಗೊಣಗಿಕೊಳ್ಳುತ್ತಾರೆ. ಕಾರ್ಖಾನೆಯ ಕಚ್ಚಾ ರಸ್ತೆ ಸಿಕ್ಕಿದ್ದೇ ಚಪ್ಪಲಿ ಕೈಗೆ ಬರುತ್ತದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಂಗಾಲಲ್ಲಿ ರಕ್ತ ಜಿನುಗುತ್ತದೆ. ಹೊಸದಾಗಿ ಒಡೆದ ಚೂಪುಗಲ್ಲು. ಗೆರೆ ಟೈರ್ ಇಲ್ಲಿ ಬದುಕುವುದಿಲ್ಲ, ಹಲ್ಲಿನ ಟೈರ್ ಇಲ್ಲಿಯತನಕ ಬರುವುದಿಲ್ಲ. ಅವರು ದಾರಿಯ ಬದಿಯ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಡುತ್ತಾರೆ.

ಕುಳಿತವರು ಮೆಲ್ಲಗೆ ಆ ಗುಡ್ಡೆಯನ್ನೇ ಕಾಲಿನಿಂದ ಕೆದಕತೊಡಗುತ್ತಾರೆ. ಪಾಯ ತೋಡಿದಾಗ ತೆಗೆದು ಹಾಕಿದ ಮುರುಮ, ಅಂದರೆ ಸಣ್ಣ ಹರಳು ಬೆರೆತ ಕೆಂಪು ಮಣ್ಣು. ಎದ್ದು ನಿಂತು, ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಶಾಂತಕುಮಾರ ಅವರನ್ನು ಕೂಗಿ ಕರೆಯುತ್ತಾರೆ.

"ಸಾಹೇಬ್ರ, ಈ ರಸ್ತಾಕ್ಕ ಹೊಂದೋ ಟೈರ್ ನನ್ನ ಹತ್ರ ಇಲ್ಲ. ಟೈರಿಗಿ ಹೊಂದೋ ರಸ್ತಾ ನೀವೇ ಮಾಡಿ ಕೊಡ್ರಿ. ಈ ಮುರುಮ ಕಲ್ಲಿನ ಮ್ಯಾಲ ಹಾಸಸ್ರಿ."

ಶಾಂತಕುಮಾರ ಗುಡ್ಡೆಯತ್ತ ನೋಡಿ, "ರೋಲರ್ ಖಾಲಿ ನಿಂತದ. ನೀರು ಹೊಡೆದು ಉರುಳಿಸಿದ್ರ ಗಟ್ಟಿ ಕುಂದರ್ತದ," ಎಂದು ಆಗಲೇ ಫೋನು ತೆಗೆಯುತ್ತಾರೆ. ಭೀಮಬಾಯಿ ವಾಡಿಗೆ ಫೋನು ಹಚ್ಚಿ ಗಂಡನಿಗೆ ಹೇಳುತ್ತಾರೆ, "ಗೆರಿ ಟೈರ್ ಹಾಕ್ರಿ. ಜೋಡಿ ಬರೋಬ್ಬರಿ ನೋಡ್ರಿ, ಒಂದು ಹೊಸಾದು ಒಂದು ಹಳೇದು ಹಾಕಬ್ಯಾಡ್ರಿ."

ಹೊರೆ ಬರುವ ದಿನ ನಾವು ಕಚ್ಚಾ ರಸ್ತೆಯ ಬಾಯಲ್ಲಿ ಕಾಯುತ್ತೇವೆ. ಭೀಮಬಾಯಿ ಊಟದ ಗಂಟು ಬಿಚ್ಚುವುದಿಲ್ಲ, ಬಿಸಿಲು ಏರಿದಷ್ಟೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕೊನೆಗೆ ಟ್ರೇಲರ್ ಕಾಣಿಸುತ್ತದೆ. ಅದು ನಿಲ್ಲುವ ಮೊದಲೇ ಓಡಿ ಹೋಗಿ ಒಂದೊಂದು ಟೈರಿಗೂ ಅಂಗೈ ಊರಿ ಬಿಸಿ ನೋಡುತ್ತಾರೆ. ಬೆಚ್ಚಗಿದೆ, ಅಷ್ಟೇ. ಮೌಲಾಲಿ ಮೇಲೆ ಕ್ಯಾಬಿನ್ನಿಗೆ ಹತ್ತಲು ಕರೆದರೆ ಭೀಮಬಾಯಿ ಬೇಡವೆಂದು ತಲೆಯಾಡಿಸುತ್ತಾರೆ. ಹೊಸ ಮುರುಮದ ಮೇಲೆ ಅವರು ಬರಿಗಾಲಲ್ಲಿ ಮುಂದೆ, ಉಕ್ಕಿನ ಉರುಳೆ ಹೊತ್ತ ಟ್ರೇಲರ್ ಹಿಂದೆ.

ಗೇಟಿನಲ್ಲಿ ಕಾವಲುಗಾರ ಅಡ್ಡಗಟ್ಟುತ್ತಾನೆ. ಬೂಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಅವನೇ ಒಂದು ಜೊತೆ ದಪ್ಪ ಬೂಟು ತಂದು ಕೊಡುತ್ತಾನೆ. ಭೀಮಬಾಯಿ ತೊಟ್ಟು ನಾಲ್ಕು ಹೆಜ್ಜೆ ನಡೆದು, "ಅಯ್ಯ ಶಿವನೇ, ಇದರೊಳಗ ಏನೂ ತಿಳಿಯಂಗಿಲ್ಲ," ಎಂದು ಬಿಚ್ಚಿ ವಾಪಸು ಕೊಡುತ್ತಾರೆ. ಹೊರಗೇ ನಿಂತು, ಟ್ರೇಲರ್ ಒಳಗೆ ಸರಿಯುವುದನ್ನು ಕೊನೆಯ ಟೈರಿನವರೆಗೂ ನೋಡುತ್ತಾರೆ. ಒಂದು ಟೈರೂ ಹರಿದಿಲ್ಲ. ನನಗಂತೂ ಹಿರಿಹಿರಿ ಹಿಗ್ಗು.

ಆಗ ಅವರ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ರಾಮಲಿಂಗ. ಹೊರೆ ಮುಟ್ಟಿತೆಂದು ಕೇಳಿ ಸಮಾಧಾನದ ಉಸಿರು ಬಿಡುವುದು ನನಗೂ ಕೇಳಿಸುತ್ತದೆ. ಆಮೇಲೆ ಅವರ ದನಿ ಅನುಮಾನಿಸುತ್ತದೆ. "ಶಹಾಬಾದದ ಫರ್ಸಿ ಕಲ್ಲಿನ ಲಾರಿಯವರು ಬಂದು ನಿಂತಾರ. ಸೋಲಾಪುರದ ತನಕ ಹೊರಿ ಒಯ್ಯೋದದ ಅಂತ, ಟೈರ್ ಕೇಳ್ಲಿಕತ್ತಾರ. ಬ್ಯಾರೆ ಕಡಿ ಕಳಸ್ಲೇನು?"

ಭೀಮಬಾಯಿ ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಹೇಳುತ್ತಾರೆ:

"ಯಾಕ ಕಳಸ್ತೀರಿ? ಕುಂದ್ರಸ್ರಿ. ಚಾ ಕೊಡ್ರಿ. ನಾ ಬರ್ಲಿಕತ್ತೀನಿ."