ಅರ್ಥ ಹೇಳದ ಪದ್ಯ

ಮೇಷ್ಟ್ರಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಕಾವ್ಯ ಹಾಡಲು ಕೂತರೆ ಆ ಸಂದಿಯಿಂದ ಸಣ್ಣ ಶಿಳ್ಳೆಯೂ ಎಲೆಅಡಿಕೆಯ ತುಂತುರೂ ಹೊರಡುತ್ತಿದ್ದವು. ಗೊತ್ತಿದ್ದವರು ಮುಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲ. ಕೂರುತ್ತಿದ್ದವರು ಅವರ ಹೆಂಡತಿ ಒಬ್ಬರೇ. ಆಕೆಗೆ ಕಿವಿ ಕೇಳುತ್ತಿರಲಿಲ್ಲ.

ಶನಿವಾರ ಸಂಜೆ ದಾವಣಗೆರೆಯಲ್ಲಿ ರೈಲು ಹತ್ತಿ ಹರಿಹರದ ಅವರ ಮನೆಗೆ ಹೋಗುತ್ತಿದ್ದೆ. ಓಣಿಯ ಜನ ಜಗುಲಿಯಲ್ಲಿ ಸೇರುತ್ತಿದ್ದರು. ಮೇಷ್ಟ್ರು ಹಳಗನ್ನಡದ ಪದ್ಯ ಹಾಡಬೇಕು, ಪಕ್ಕದಲ್ಲಿ ಕೂತ ನಾನು ಅರ್ಥ ಹೇಳಬೇಕು. ತಪ್ಪಿದರೆ ಎಲ್ಲರೆದುರೇ ತೊಡೆ ಚಿವುಟುತ್ತಿದ್ದರು. ಕಾಲೇಜು ಓದುವವನಿಗೆ! ಅವರು ಸಾಧುಗಳೆಂದು ನಾನೇನೂ ಹೇಳುವುದಿಲ್ಲ. ಆದರೆ ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ ಹತ್ತಿಯ ಧಾರಣೆ ಬಿಟ್ಟು ಬೇರೆ ಮಾತಿರಲಿಲ್ಲ. ಪದ್ಯ ಎಂಬುದೊಂದಿದೆ ಎಂದು ತೋರಿಸಿದವರು ಅವರೇ.

"ನನ್ನ ರಾಗ ಆಕಿಗೆ ಕೇಳಂಗಿಲ್ಲ. ನಿನ್ನ ತುಟಿ ನೋಡಿ ತಿಳ್ಕಂತಾಳೆ. ಆಕಿ ಕಡೆ ತಿರುಗಿ ನಿಧಾನ ಹೇಳು," ಎನ್ನುತ್ತಿದ್ದರು. "ಹಳೇದಿರ್ಲಿ, ಹೊಸದಿರ್ಲಿ, ಮುಖ ನೋಡಿ ಅರ್ಥ ಹೇಳಾಕೆ ಬರದಿದ್ರೆ ಅದು ಪದ್ಯನೇ ಅಲ್ಲಲೇ."

ಆಕೆ ನನ್ನ ತುಟಿ ನೋಡುತ್ತ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ನನಗೆ ಬಿಸಿ ರೊಟ್ಟಿ ಹಾಕುತ್ತಿದ್ದರು.

ಅರವತ್ತರ ದಶಕ. ಪ್ರಾಸ ಬಿಟ್ಟ ಹೊಸ ಪದ್ಯದ ಹುಚ್ಚು ನನಗೂ ಹಿಡಿಯಿತು. ಗೆಳೆಯರನ್ನು ನಗಿಸಲು ಹಲ್ಲಿಲ್ಲದ ಹಾಡುಗಾರನೊಬ್ಬನ ಮೇಲೆ ಬರೆದೆ. ಅವನ ಹಾಡು ತಾಳಲಾರದೆ ಹೆಂಡತಿ ಕಿವುಡಾದಳು ಎಂದು ಮುಗಿಸಿದೆ. ಕಾಲೇಜು ಪತ್ರಿಕೆಯಲ್ಲಿ ಅಚ್ಚಾಯಿತು. ಹರಿಹರಕ್ಕೆ ಅದು ಮುಟ್ಟುವುದಿಲ್ಲ ಎಂದುಕೊಂಡಿದ್ದೆ, ದಡ್ಡ.

ಮುಂದಿನ ಶನಿವಾರ ಮೇಷ್ಟ್ರು ವ್ಯಾಸಪೀಠದ ಮೇಲೆ ಹಳೆಯ ಕಾವ್ಯದ ಬದಲು ಆ ಪತ್ರಿಕೆ ಇಟ್ಟರು. ಒಂದಕ್ಷರ ಬಿಡದೆ, ಶಿಳ್ಳೆ ಸಮೇತ, ಇಂಪಾಗಿ ಹಾಡಿದರು. ಜನ ಮೊದಲು ನಕ್ಕರು, ಯಾರ ಮೇಲೆಂದು ತಿಳಿದಾಗ ಸುಮ್ಮನಾದರು. ಜನ ನಕ್ಕದ್ದು ನೋಡಿ ಆಕೆಯೂ ನಕ್ಕಿದ್ದರು. ಈಗ ನನ್ನ ತುಟಿ ನೋಡುತ್ತ ಕಾದರು.

"ಪದ್ಯ ಚೆನ್ನಾಗೈತೆ," ಎಂದರು ಮೇಷ್ಟ್ರು. "ಅರ್ಥ ಹೇಳ್ರಿ, ಕವಿಗಳೇ."

ಮೊದಲ ಸಲ ನನಗೆ ಬಹುವಚನ. ನನ್ನ ಬಾಯಿ ತೆರೆಯಲಿಲ್ಲ. ಚಿವುಟಿಬಿಡಲಿ ಎಂದು ತೊಡೆ ಬಿಗಿಹಿಡಿದು ಕೂತೆ. ಅವರು ಮುಟ್ಟಲಿಲ್ಲ. ಮತ್ತೆಂದೂ ಕರೆಯಲೂ ಇಲ್ಲ.

ಎರಡು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಹೋದೆ. ಹೆಣದ ಪಕ್ಕ ಕೂತಿದ್ದ ಆಕೆ ನನ್ನನ್ನು ಕಂಡು ಸರಿದು ಜಾಗ ಮಾಡಿದರು. ಮುಖವೆತ್ತಿ ನನ್ನ ತುಟಿಗೇ ಕಣ್ಣು ನೆಟ್ಟರು.

"ಅವತ್ತಿನ ಪದ್ಯದ ಅರ್ಥ ನೀನು ಹೇಳ್ಲೇ ಇಲ್ಲಲ್ಲಪ್ಪ. ಇವ್ರನ್ನ ಕೇಳಿದ್ರೆ, ಅವನೇ ಬಂದು ಹೇಳ್ತಾನೆ ಅಂತಿದ್ರು. ಈಗಾದ್ರೂ ಹೇಳು."