ಅಮ್ಮ ಅಳೆದ ರಸ್ತೆ

ಬಡಾವಣೆಯಲ್ಲಿ ನಮ್ಮದು ಕಟ್ಟಕಡೆಯ ಮನೆ. ಅಮ್ಮ ಟೈಲರ್, ಮುಂದಿನ ಕೋಣೆಯಲ್ಲೇ ಅವಳ ಮಷಿನ್ನು. ಪಾರ್ಕು, ಲೈಬ್ರರಿ, ಹಾಲಿನ ಬೂತು ಎಲ್ಲವೂ ಕೂಗಳತೆಯಲ್ಲಿವೆ, ಬಸ್ ಸ್ಟಾಪ್ ಒಂದು ಬಿಟ್ಟು. ಮಂಡಿ ಆಪರೇಷನ್ ಆದಮೇಲೆ ಅಜ್ಜಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಬೇಕಿತ್ತು. ಸ್ಟಾಪಿನವರೆಗೆ ಅವಳಿಂದ ನಡೆಯಲಾಗದು, ಆಟೋದವರು ಇಷ್ಟು ದೂರ ಬರರು. ಕೊನೆಗೆ ಅಪ್ಪ, ಒಂದನೇ ತಾರೀಖಿಗೆ ಪೇಟೆಯ ಹಳೇ ಬಾಡಿಗೆ ಮನೆಗೇ ವಾಪಸ್ ಹೋಗೋಣ ಎಂದುಬಿಟ್ಟರು. ಹನ್ನೆರಡು ವರ್ಷ ಪೆಡಲ್ ತುಳಿದು ಕಟ್ಟಿಸಿದ ಮನೆ. ಅಮ್ಮ ಒಂದು ದಿನ ಊಟ ಬಿಟ್ಟಳು, ಮರುದಿನ ಬಸ್ ಕಚೇರಿಗೆ ಹೊರಟೇಬಿಟ್ಟಳು. ಕಾಲೇಜಿಗೆ ಚಕ್ಕರ್ ಹೊಡೆದು ನಾನೂ ಹಿಂದೆ.

ಕೊನೇ ಸ್ಟಾಪಿನಿಂದ ಕೊನೇ ಮನೆಗೆ ಐನೂರು ಮೀಟರ್ ದಾಟಿದರೆ ಮಾತ್ರ ಬಸ್ಸು ಮುಂದಕ್ಕೆ ಬರುವುದಂತೆ. ಆಫೀಸರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟರು. "ನಾನೂರ ಹತ್ತೇ ಇದೆಯಲ್ಲಮ್ಮ."

"ಸ್ವಾಮಿ, ನಿಮ್ಮ ಗೆರೆ ಕಾಲುವೆ ಮೇಲೆ ಹೋಗಿದೆ. ನಮ್ಮತ್ತೆ ಏನು ಕಾಗೆನಾ, ಹಾರ್ಕೊಂಡು ಹೋಗೋಕೆ?"

ಅವರು ನಕ್ಕರು. "ಸರಿ, ರಸ್ತೇಲಿ ಅಳೆದು ಬರ್ಕೊಡಿ. ಐನೂರು ದಾಟಿದ್ರೆ ನಾನೇ ಬಂದು ನೋಡ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಮೊಬೈಲಿನಲ್ಲೇ ದೂರ ನೋಡುತ್ತಿದ್ದರು. ಅಮ್ಮ ಕೊರಳಲ್ಲಿದ್ದ ಟೇಪು ತೆಗೆದಳು. ಒಂದೂವರೆ ಮೀಟರಿನ ಬಟ್ಟೆ ಟೇಪು. ಅವಳು ಒಂದು ತುದಿ ಹಿಡಿದರೆ ನಾನು ಇನ್ನೊಂದು ತುದಿಗೆ ಚಾಕ್ ಗೀಚಬೇಕು. ಬಗ್ಗಿ ಎದ್ದು, ಬಗ್ಗಿ ಎದ್ದು, ಮುನ್ನೂರ ಇಪ್ಪತ್ತಾರು ಸಲ. ಪಾರ್ಕಿನ ಬೆಂಚಿನವರು, "ರಸ್ತೆಗೂ ಅಂಗಿ ಹೊಲೀತೀರೇನಮ್ಮ?" ಎಂದು ಕಿಚಾಯಿಸಿದರು. ಲೆಕ್ಕ ನಿಂತದ್ದು ನಾನೂರ ಎಂಬತ್ತೊಂಬತ್ತಕ್ಕೆ. ಬರೀ ಹನ್ನೊಂದು ಮೀಟರ್ ಕಮ್ಮಿ. ಅಮ್ಮ ಮನೆಗೆ ಬಂದು ಪಾತ್ರೆ ಸಾಮಾನು ಕಟ್ಟತೊಡಗಿದಳು.

ಮೂರನೇ ದಿನ ಹೈಸ್ಕೂಲ್ ಮೇಷ್ಟ್ರು ಕಿಟಕಿ ಪರದೆ ಹೊತ್ತು ತಂದರು.

"ಏನ್ರೀ, ನಾನು ಬರ್ಕೊಟ್ಟಿದ್ದು ಎರಡು ಮೀಟರ್. ಇದು ನೆಲ ಗುಡಿಸ್ತಿದೆ."

"ನೀವೇ ತಪ್ಪು ಅಳೆದಿರ್ತೀರಿ ಮೇಷ್ಟ್ರೇ."

"ಸ್ಟೀಲ್ ಟೇಪಲ್ಲಿ ಅಳೆದಿದ್ದು ಕಣ್ರೀ," ಎಂದು ಜೇಬಿನಿಂದ ಅದನ್ನೂ ತೆಗೆದರು.

ಪರದೆ ನಾಲ್ಕು ಬೆರಳು ಉದ್ದ. ಅಮ್ಮ ಗಕ್ಕನೆ ನಿಂತಳು. ತನ್ನ ಟೇಪನ್ನು ಮೇಷ್ಟ್ರ ಸ್ಟೀಲ್ ಟೇಪಿನ ಪಕ್ಕ ಚಾಚಿದಳು: ಹತ್ತೊಂಬತ್ತು ವರ್ಷ ಎಳೆದೆಳೆದು ಅದು ಐದು ಸೆಂಟಿಮೀಟರ್ ಹಿಗ್ಗಿತ್ತು. ಮೈಗೂ ಬಟ್ಟೆಗೂ ಅದೇ ಟೇಪು ಹಿಡಿಯುತ್ತಿದ್ದದ್ದರಿಂದ ಅಂಗಿಗಳೆಲ್ಲ ಸರಿಯಾಗೇ ಕೂತಿದ್ದವು, ಯಾರಿಗೂ ಗೊತ್ತೇ ಆಗಿರಲಿಲ್ಲ.

"ಒಂದೊಂದು ಸಲಕ್ಕೂ ಐದು ಸೆಂಟಿಮೀಟರ್ ಬಿಟ್ಟಿದೀವಿ ಕಣೇ," ಎಂದು ನನ್ನ ರಟ್ಟೆ ಹಿಡಿದಳು. "ಗುಣಿಸೇ, ಬೇಗ."

ಹದಿನಾರು ಮೀಟರ್ ಹೆಚ್ಚು. ಒಟ್ಟು ಐನೂರ ಐದು. ಮೇಷ್ಟ್ರು ಇನ್ನೊಮ್ಮೆ ಗುಣಿಸಿ ನೋಡಿದರು.

ಆಫೀಸರ್ ಮಾತಿಗೆ ತಪ್ಪಲಿಲ್ಲ. ಉದ್ದ ಕೋಲಿಗೆ ಸಿಕ್ಕಿಸಿದ ಅಳತೆ ಚಕ್ರ ಉರುಳಿಸುತ್ತ ಬಂದರು, ಹಿಂದೆ ಅರ್ಧ ಬಡಾವಣೆ. ನಮ್ಮ ಗೇಟಿಗೆ ಎರಡು ಹೆಜ್ಜೆ ಇರುವಾಗಲೇ ಐನೂರು ಬಿತ್ತು. ಇನ್ನೂ ಉರುಳಿಸಿ ಗೇಟು ಮುಟ್ಟಿಸಿ, "ಐನೂರ ಎರಡು. ನಿಮ್ಮ ಲೆಕ್ಕಕ್ಕಿಂತ ಮೂರು ಕಮ್ಮಿ, ಆದ್ರೂ ಗೆದ್ರಿ ಬಿಡಿ" ಎಂದರು. ಅಪ್ಪ ಅಲ್ಲೇ ನಿಂತು ಬಾಡಿಗೆ ಮನೆಯವರಿಗೆ ಫೋನ್ ಮಾಡಿ ಬರುವುದಿಲ್ಲ ಎಂದರು.

ಮೊನ್ನೆ ಸೋಮವಾರ ಬಸ್ಸು ಗೇಟಿನ ಮುಂದೆ ಬಂದು ನಿಂತಿತು. ಅಮ್ಮ ಸೆರಗು ಸಿಕ್ಕಿಸಿ ಹತ್ತಲು ಹೋದರೆ ಅಜ್ಜಿ ಕಂಬಿ ಹಿಡಿದು ತಡೆದಳು.

"ನೀನ್ಯಾಕೆ? ಹೋಗಿ ಹೊಲಿ. ನಂಗೇನು ದಾರಿ ಗೊತ್ತಿಲ್ವಾ?"

ಒಬ್ಬಳೇ ಹತ್ತಿದಳು, ಕಿಟಕಿ ಸೀಟು ಹಿಡಿದಳು, ತಿರುಗಿಯೂ ನೋಡಲಿಲ್ಲ.